ಹೆಡ್ಡು ತೊಳೆದವರು ಯಾರು?

ಅವಳು ಮುದ್ರಣ ಯಂತ್ರದ ಮುಚ್ಚಳ ಎತ್ತಿದಳು. ಹೆಡ್ಡು ಇರಲಿಲ್ಲ!

ಬೆಂಕಿಪೊಟ್ಟಣದಷ್ಟು ವಸ್ತು. ಕೂದಲಿಗಿಂತ ಸಣ್ಣ ತೂತುಗಳಿಂದ ಕಾಗದದ ಮೇಲೆ ಶಾಯಿ ಚಿಮ್ಮಿಸುವಂಥದ್ದು. ಮುದ್ರಣ ನಿಂತ ಕೂಡಲೇ ತೂತುಗಳನ್ನು ತಾನಾಗಿ ಮುಚ್ಚುವ ಒಂದು ಪುಟ್ಟ ಬಾಗಿಲು ಅದಕ್ಕಿತ್ತು. ಶಾಯಿ ಒಣಗುವುದಿಲ್ಲ, ತೊಳೆಯುವ ರಗಳೆಯಿಲ್ಲ. ಅದೇ ಅವಳ ಆವಿಷ್ಕಾರ. ಅದರ ಪೇಟೆಂಟ್ ಅರ್ಜಿಯನ್ನು ಇವತ್ತು ಸಲ್ಲಿಸಬೇಕಿತ್ತು.

ಮೇಜಿನ ಮೇಲೆ ಮೂರು ಲೋಟಗಳು ಅಡ್ಡಬಂದವು—ಒಂದರಲ್ಲಿ ಕಪ್ಪು ನೀರು, ಇನ್ನೊಂದರಲ್ಲಿ ಮಸುಕು, ಕೊನೆಯದರಲ್ಲಿ ತಿಳಿ ನೀರು. ಅವನ್ನು ಪಕ್ಕಕ್ಕೆ ತಳ್ಳಿ ಅವಳು ಡ್ರಾಯರುಗಳನ್ನೆಲ್ಲ ತಡಕಾಡಿದಳು.

ವಕೀಲಮ್ಮ ಬಂದಾಗ ಅವಳು ನೆಲದ ಮೇಲೆ ಕುಸಿದು ಕೂತಿದ್ದಳು. ವಕೀಲಮ್ಮ ಪೇಟೆಂಟ್ ಕೆಲಸದಲ್ಲೇ ಕೂದಲು ನರೆತ ಹೆಂಗಸು. ಮಾತಿಗಿಂತ ಕಣ್ಣು ಚುರುಕು.

"ಹೆಡ್ಡು ಹೋದ್ರೂ ನಕ್ಷೆ ಇದೆಯಲ್ಲ?" ವಕೀಲಮ್ಮ ಕೇಳಿದರು.

"ಬಾಗಿಲಿನ ಅಂಚನ್ನ ಕೊನೇಲಿ ಕೈಯಿಂದಲೇ ಉಜ್ಜಿ ಸರಿಮಾಡಿದ್ದೆ. ಆ ಅಳತೆ ಹೆಡ್ಡಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ, ಮೇಡಂ. ನನ್ನ ಜೊತೆಗಿದ್ದ ಟೋನರ್ ಕೂಡ ಇಂಥದ್ದನ್ನೇ ಮಾಡ್ತಿದ್ದಾನೆ, ನಿನ್ನೆ ಸಂಜೆ ಇಲ್ಲಿಗೂ ಬಂದಿದ್ದ. ಅವನು ಮೊದಲು ಅರ್ಜಿ ಹಾಕಿದ್ರೆ ನನ್ನ ಕಥೆ ಮುಗೀತು."

"ಒಂದು ದಿನ ತಡವಾದ್ರೆ ಆಕಾಶ ಬೀಳುತ್ತಾ?" ಎಂದರು ಬಾಗಿಲಲ್ಲಿ ನಿಂತಿದ್ದ ಅಪ್ಪ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಮುದ್ರಣ ಯಂತ್ರ ಬಂದು ಆ ಕಸುಬು ನುಂಗಿಹಾಕಿತ್ತು. "ಅಪ್ಪಾ, ಸುಮ್ನಿರು!" ಎಂದು ಮಗಳು ರೇಗಿದಳು. ಮರುಕ್ಷಣವೇ ಅವಳಿಗೆ ಪಶ್ಚಾತ್ತಾಪವಾಯಿತು.

ವಕೀಲಮ್ಮ ಫೋನು ಮಾಡಿ ಕರೆಸಿದ ಮೇಲೆ ಟೋನರ್ ದುಮುಗುಡುತ್ತ ಬಂದ. ಜಗಳವಾಡಿ ಬಿಟ್ಟುಹೋದ ಹಳೇ ಪಾಲುದಾರ. ಟೋನರ್ ಪುಡಿ ಬಳಸುವ ಲೇಸರ್ ಮುದ್ರಣದ ಗುಣಗಾನ ಮಾಡಿ ಮಾಡಿಯೇ ಆ ಅಡ್ಡಹೆಸರು ಪಡೆದವನು.

"ನಿನ್ನೆ ಸಂಜೆ ಇಲ್ಲಿಗೆ ಯಾಕೆ ಬಂದಿದ್ದಿರಿ?" ವಕೀಲಮ್ಮ ಕೇಳಿದರು.

"ನನ್ನ ಸ್ಕ್ರೂಡ್ರೈವರ್ ಸೆಟ್ ಬೇಕಿತ್ತು. ಯಾಕೆ, ತಪ್ಪಾ?"

"ಒಬ್ಬರೇ ಇದ್ದಿರಾ?"

"ಇದ್ದೆ. ಕದಿಯೋ ಹಾಗಿದ್ರೆ ಇಷ್ಟು ದಿನ ಕಾಯ್ತಿದ್ನಾ?" ಅವನು ಅವಳ ಕಡೆ ತಿರುಗಿದ. "ಆ ಬಾಗಿಲು ಬೇಕು ಅಂತ ಹಟ ಹಿಡಿದಿದ್ದೇ ನಾನು. ಮರೆತುಬಿಟ್ಯಾ?"

ಅವಳು ಮರೆತಿರಲಿಲ್ಲ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. "ಪೊಲೀಸರನ್ನೇ ಕರೀತೀನಿ!"

"ಸ್ವಲ್ಪ ತಾಳು," ಎಂದರು ವಕೀಲಮ್ಮ. ಅವರ ಕಣ್ಣು ಲೋಟಗಳ ಮೇಲಿತ್ತು. "ಇವು ನಿನ್ನವಾ?"

"ಅಲ್ಲ. ಏನು ಅಂತ ನೋಡದೆ ಪಕ್ಕಕ್ಕೆ ತಳ್ಳಿಬಿಟ್ಟೆ."

"ಶಾಯಿಯ ನೀರು. ಯಾರೋ ಹೆಡ್ಡನ್ನ ಒಂದರಲ್ಲಿ ಅದ್ದಿ, ಎರಡನೇದರಲ್ಲಿ ತೊಳೆದು, ನೀರು ತಿಳಿಯಾಗೋ ತನಕ ಜಾಲಾಡಿದ್ದಾರೆ. ಹಾಳು ಮಾಡೋಕೆ ಬಂದವನು ತೊಳೀತಾನಾ? ಕದ್ದು ಓಡುವವನಿಗೆ ಅಷ್ಟು ಪುರುಸೊತ್ತಿರುತ್ತಾ?"

ಟೋನರ್ ಉತ್ತರಿಸಿದ, "ಇಲ್ಲ. ಅದನ್ನ ತೊಳೆಯೋದೇ ಬೇಡ ಅಂತ ಗೊತ್ತಿರೋ ನಾನಂತೂ ತೊಳೆಯಲ್ಲ."

"ಅಷ್ಟೇ. ತೊಳೆದವರಿಗೆ ಹೆಡ್ಡಿನ ಮೇಲೆ ಪ್ರೀತಿ ಇದೆ, ಆ ಬಾಗಿಲಿನ ಮೇಲೆ ಮಾತ್ರ ನಂಬಿಕೆ ಇಲ್ಲ. ಬಣ್ಣದ ಸಾಮಾನನ್ನ ತೊಳೆಯದೆ ಎತ್ತಿಟ್ಟರೆ ಆ ಕೈಗೆ ಸಮಾಧಾನ ಇಲ್ಲ. ಬ್ರಷ್ ಹಿಡಿದು ಬಾಳಿದ ಕೈ ಅದು. ಅಲ್ವಾ, ಯಜಮಾನ್ರೇ?"

ಮಗಳು ತಿರುಗಿ ನೋಡಿದಳು. ಅಪ್ಪ ತಲೆ ತಗ್ಗಿಸಿದ್ದರು. ಒಳಗೆ ಹೋಗಿ ಹಳೇ ಬ್ರಷ್ಷುಗಳ ಡಬ್ಬಿ ತಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹೆಡ್ಡು ಅದರಲ್ಲಿತ್ತು.

"ಯಾಕಪ್ಪಾ?" ಅವಳು ಡಬ್ಬಿ ಕೈಗೆತ್ತಿಕೊಂಡಳು.

"ನಿನ್ನೆ ಈ ವಕೀಲಮ್ಮ ಕೇಳಿದ್ರಲ್ಲ, ಹೊರಗಿನವರು ಯಾರಾದ್ರೂ ನೋಡಿದ್ದಾರಾ, ನೋಡಿದ್ರೆ ಪೇಟೆಂಟ್ ಸಿಗಲ್ಲ, ಸುಳ್ಳು ಸಹಿ ಹಾಕಿದ್ರೆ ಕೇಸು ಅಂತ. ನೀನು ಎದೆ ತಟ್ಟಿ 'ಯಾರೂ ಇಲ್ಲ' ಅಂದೆ. ನಾನು ತೋರಿಸಿದ್ದೆ ಮಗಳೇ. ನನ್ನ ಜೊತೆ ಬೋರ್ಡು ಬರೀತಿದ್ದವರಿಗೆ. ನಮ್ಮ ಹೊಟ್ಟೆ ಮೇಲೆ ಹೊಡೆದ ಯಂತ್ರಾನೇ ನಿನ್ನ ಮಗಳು ಮಾಡ್ತಾಳೆ ಅಂತ ಆಡಿಕೊಳ್ತಿದ್ರು. ನೀನು ಎಷ್ಟು ಚೆನ್ನಾಗಿ ಮಾಡ್ತೀಯ ಅಂತ ನೋಡ್ಲಿ ಅನ್ನಿಸ್ತು. ಆಮೇಲೆ ನಿನಗೆ ಹೇಳೋಕೆ ಬಾಯಿ ಬರಲಿಲ್ಲ. ಹೆಡ್ಡಿಲ್ಲದಿದ್ರೆ ಸಹಿ ಹಾಕಲ್ಲ, ಅಷ್ಟರಲ್ಲಿ ಹೇಗಾದ್ರೂ ಹೇಳೋಣ ಅಂದ್ಕೊಂಡೆ."

ಎಲ್ಲ ಮುಗಿಯಿತೆಂದು ಅವಳಿಗನ್ನಿಸಿತು.

"ಏನು ತೋರಿಸಿದ್ರಿ?" ವಕೀಲಮ್ಮ ಒಂದೊಂದೇ ಪದ ಬಿಡಿಸಿ ಕೇಳಿದರು. "ಈ ಹೆಡ್ಡಾ?"

"ಅಯ್ಯೋ, ಇದನ್ನ ಹೇಗೆ ತಗೊಂಡು ಹೋಗ್ಲಿ? ಅಚ್ಚಾದ ಹಾಳೆ ಅಷ್ಟೇ. ನನ್ನ ಹಳೇ ಬೋರ್ಡಿನ ಅಕ್ಷರ."

"ಹೇಗೆ ಮಾಡಿದ್ದು ಅಂತ ಏನಾದ್ರೂ ಹೇಳಿದ್ರಾ?"

"ನನಗೇ ಗೊತ್ತಿಲ್ಲ, ಏನು ಹೇಳ್ಲಿ?"

ವಕೀಲಮ್ಮನ ಮುಖ ಅರಳಿತು. "ಹಾಳೆ ನೋಡಿ ಬಾಗಿಲು ಹೇಗೆ ಮುಚ್ಚುತ್ತೆ ಅಂತ ಯಾರಿಗೂ ತಿಳಿಯಲ್ಲ. ಗುಟ್ಟು ಎಲ್ಲಿಗೂ ಹೋಗಿಲ್ಲ. ಬೇಗ ಅಳತೆ ತಗೋ."

ಅವಳು ಟೋನರ್ ಕಡೆ ನೋಡಿದಳು. "ತಪ್ಪಾಯ್ತು ಕಣೋ." ಮತ್ತೆ ವಕೀಲಮ್ಮನಿಗೆ, "ಬಾಗಿಲಿನ ಯೋಚನೆ ಇವನದು. ಅರ್ಜೀಲಿ ಇವನ ಹೆಸರೂ ಇರಲಿ." ಅವನು ಮೇಜಿನ ದೀಪವನ್ನು ಅವಳ ಕೈಯ ಹತ್ತಿರಕ್ಕೆ ಸರಿಸಿದ.

"ಹಾಳೆ ನೋಡಿ ಅವರೇನಂದ್ರು ಅಪ್ಪಾ?"

"ಬಣ್ಣದ ವಾಸನೆ ಸಾಲದು ಅಂದ್ರು," ಎಂದರು ಅಪ್ಪ ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಹಾಳೆ ವಾಪಸ್ ಕೊಡಲಿಲ್ಲ."