ಮಂಜಿನಲ್ಲಿ ಹತ್ತು ಬೋಲ್ಟು

ಹವಾಮಾನ ಠಾಣೆಯ ದ್ವೀಪದಿಂದ ನಾಲ್ಕು ದಿನವಾದರೂ ಸುದ್ದಿಯಿರಲಿಲ್ಲ. ಕುಡಿಯುವ ನೀರಿನ ತೊಟ್ಟಿ ಒಡೆದಿದೆ ಎಂದಷ್ಟೇ ಹೇಳಿ ರೇಡಿಯೋ ಸುಮ್ಮನಾಗಿತ್ತು. ಅಲ್ಲಿದ್ದ ಇಬ್ಬರನ್ನು ಕರೆತರಲು ಬೆಳಗ್ಗೆ ಮೂವರು ಹೊರಟರು: ದೋಣಿಯ ಎಂಜಿನ್ ನೋಡಿಕೊಳ್ಳುವ ಅತ್ತಿಗೆ, ಚುಕ್ಕಾಣಿ ಹಿಡಿದ ಅವಳ ಮೈದುನ, ಮತ್ತು ಒಬ್ಬ ನರ್ಸ್. ದ್ವೀಪದಲ್ಲಿದ್ದವರಲ್ಲಿ ಒಬ್ಬ ನರ್ಸಿನ ಒಡಹುಟ್ಟಿದ ಅಣ್ಣ.

ಬಂದರು ಮರೆಯಾಗುತ್ತಲೇ ಮಂಜು ಇಳಿಯಿತು. ಸಮುದ್ರವೆಲ್ಲಿ ಮುಗಿದು ಆಕಾಶವೆಲ್ಲಿ ಶುರುವಾಯಿತೋ ತಿಳಿಯದಂತೆ ಎಲ್ಲವೂ ಹಾಲುಬಿಳುಪು. ಎಲ್ಲಿಂದಲೋ ಒಂದು ಹಕ್ಕಿ ಮೂಡಿ, ರೆಕ್ಕೆ ಬಡಿಯದೆ ಜೊತೆಗೆ ತೇಲಿ, ಮತ್ತೆ ಬಿಳುಪಿನಲ್ಲಿ ಕರಗಿತು. ಯಾರದೋ ಕನಸಿನೊಳಗೆ ತಾವು ಸದ್ದು ಮಾಡಿಕೊಂಡು ಹೋಗುತ್ತಿದ್ದೇವೆ ಎಂದು ಅತ್ತಿಗೆಗೆ ಅನಿಸಿತು.

ಆಗಲೇ ಎಂಜಿನ್ ತೊದಲಿತು. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು. ಹೊಗೆಕೊಳವೆ ಬಿಳಿ ಆವಿ ಉಗುಳಿತು.

ಅವಳು ಎಂಜಿನ್ ನಿಲ್ಲಿಸಿದಳು. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನ ಕೆಳಗೆ, ಸೋರದಂತೆ ತಡೆಯುವ ಗ್ಯಾಸ್ಕೆಟ್ ಹಾಳೆ ಸುಟ್ಟುಹೋಗಿತ್ತು. ಬದಲಿಗೆ ತಂದಿದ್ದು ಒಂದೇ ಒಂದು.

ಮೈದುನ ಲಂಗರು ಹಾಕಿದ. ಅದು ತಳದ ಮರಳಲ್ಲಿ ಕಚ್ಚಿ ಕಚ್ಚಿ ಜಾರುತ್ತಿತ್ತು. ಮಂಜಿನಾಚೆ ಬಂಡೆಗೆ ನೀರು ಅಪ್ಪಳಿಸುವ ಸದ್ದು.

ಬಿಸಿಯಲ್ಲಿ ಬಿಚ್ಚಿದರೆ ಹೆಡ್ ಸೊಟ್ಟಗಾಗುತ್ತದೆಂದು ಅತ್ತಿಗೆ ಕೈಕಟ್ಟಿ ಕಾದಳು. ಆ ಕಾಯುವಿಕೆ ಮುಗಿಯುವಂತೆಯೇ ಇರಲಿಲ್ಲ. ಕಬ್ಬಿಣ ತಣ್ಣಗಾದ ಮೇಲೆ ಮೂವರೂ ಸೇರಿ ಹೆಡ್ ಎತ್ತಿದರು. ಅವಳು ಹಳೆಯ ಚೂರುಗಳನ್ನು ಕೆರೆದಳು, ಬೋಲ್ಟಿನ ತೂತುಗಳಲ್ಲಿ ನಿಂತ ನೀರನ್ನು ಬಟ್ಟೆಯ ಬತ್ತಿ ಇಳಿಸಿ ಒರೆಸಿದಳು, ಬೋಲ್ಟುಗಳ ತಿರುಪಿಗೆ ಎಣ್ಣೆ ಸವರಿದಳು. ಹೊಸ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿದರು.

ಬಿಗಿಯಬೇಕಾದ ಕ್ರಮ ಬರೆದಿದ್ದ ಹಾಳೆ ಹಿಡಿದು ನರ್ಸ್ ಒಂದೊಂದೇ ಅಂಕಿ ಹೇಳುತ್ತ ಹೋದಳು. ಮೊದಲು ನಡುವಿನದು, ಆಮೇಲೆ ಎದುರಿನದು, ಹಾಗೇ ಹೊರಕ್ಕೆ. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಪ್ರತಿ ಬೋಲ್ಟಿಗೂ ಕಟಕ್ಕೆಂದು ಸಾಕು ಎನ್ನುತ್ತಿತ್ತು.

ಸ್ವಲ್ಪ ಸ್ವಲ್ಪವೇ ಬಿಗಿಯಬೇಕಾದ ಮೂರು ಸುತ್ತುಗಳಲ್ಲಿ ಒಂದು ಮುಗಿಯಿತು. ಬಂಡೆಯ ಕಪ್ಪು ಬೆನ್ನು ಮಂಜಿನಲ್ಲಿ ಕಾಣಿಸಿತು.

"ಒಂದೇ ಸಲ ಪೂರ್ತಿ ಬಿಗಿದುಬಿಡಿ ಅತ್ತಿಗೆ," ಎಂದ ಮೈದುನ.

"ಹಾಗೆ ಬಿಗಿದ್ರೆ ಒಂದು ಕಡೆ ಎದ್ದುಕೊಳ್ಳುತ್ತಪ್ಪ. ಮತ್ತೆ ಸುಟ್ಟರೆ ಹಾಕೋಕೆ ಏನಿದೆ? ನೀನು ಲಂಗರಿನ ಹಗ್ಗ ಬಿಡಬೇಡ."

ಎರಡನೇ ಸುತ್ತು. ನರ್ಸ್ ಹೇಳಿದ ಅಂಕಿ ಒಂದೂ ತಪ್ಪಲಿಲ್ಲ. ಮೂರನೇ ಸುತ್ತಿಗೆ ಅತ್ತಿಗೆ ಪಾದ ಊರಿ, ಮೈಭಾರವನ್ನೆಲ್ಲ ಹಾಕಿ ಎಳೆದಳು. ಕಟಕ್. ಕಟಕ್. ಹತ್ತನೆಯದೂ ಕಟಕ್.

ಬಿಚ್ಚಿದ್ದನ್ನೆಲ್ಲ ಜೋಡಿಸಿ ಎಂಜಿನ್ನಿಗೆ ನೀರು ತುಂಬಿದಾಗ ಬಂಡೆ ಒಂದು ಹುಟ್ಟುಗೋಲಿನಷ್ಟು ದೂರದಲ್ಲಿತ್ತು. ಎಂಜಿನ್ ಎರಡು ಸಲ ಕೆಮ್ಮಿತು. ಮೂರನೆಯ ಸಲ ಹಿಡಿದುಕೊಂಡಿತು. ಮೈದುನ ದೋಣಿ ತಿರುಗಿಸಿದ.

ದ್ವೀಪದಲ್ಲಿ ಇಬ್ಬರೂ ತುಟಿಯೊಡೆದು ಕುಸಿದು ಕೂತಿದ್ದರು. ನರ್ಸ್ ಇಬ್ಬರಿಗೂ ಗುಟುಕು ಗುಟುಕಾಗಿ ನೀರು ಕುಡಿಸಿದಳು. ಎಂಜಿನ್ ತಣಿದ ಮೇಲೆ ಅತ್ತಿಗೆ ಹತ್ತೂ ಬೋಲ್ಟುಗಳನ್ನು ಇನ್ನೊಮ್ಮೆ ಅದೇ ಕ್ರಮದಲ್ಲಿ ನೋಡಿ ಬಂದಳು.

ಸಂಜೆಯ ಬಿಸಿಲಲ್ಲಿ ದೋಣಿ ಬಂದರು ಮುಟ್ಟಿತು. ಯಾರೋ ತಂದುಕೊಟ್ಟ ಚಹಾದ ಲೋಟ ಹಿಡಿಯಲು ಅತ್ತಿಗೆಯ ಬೆರಳುಗಳು ಬಿಡಿಸಿಕೊಳ್ಳಲೇ ಇಲ್ಲ.

"ಕೈ ಇನ್ನೂ ಬಿಗೀತಾನೇ ಇದೆ," ಎಂದು ಅವಳು ನಕ್ಕಳು.

ಮೈದುನ ಲೋಟವನ್ನು ಅವಳ ತುಟಿಗೆ ಹಿಡಿದ.