ಆರನೆಯ ಮನೆಯ ತೂತುಗಳು

ಕಣ್ಣು ಕಟ್ಟಿ ಕಾಚಿಗೂಡದಲ್ಲಿ ಬಿಟ್ಟರೂ ಮೂಗಿನ ನೇರಕ್ಕೆ ನಡೆದು ಕಲಬುರಗಿ ಮುಟ್ಟುವ ಗಂಡಸು ನಾನು. ನಕ್ಷೆ ಹಿಡಿದು ಓಡುವ ಪಂದ್ಯ ಗೆಲ್ಲದಿದ್ದರೆ ಮೀಸೆ ಬೋಳಿಸುವೆನೆಂದು ಹೆಂಡತಿ ಉಮಾಬಾಯಿಗೆ ಮಾತು ಕೊಟ್ಟಿದ್ದೆ.

ಶಂಶಾಬಾದಿನಾಚೆಯ ಬಂಡೆಗಳ ನಡುವೆ ಏಳು ಬಾವುಟ ನೆಟ್ಟಿದ್ದರು. ಪ್ರತಿ ಬಾವುಟದ ನಂಬರು ನೋಡಿ, ಅಲ್ಲೇ ಕಟ್ಟಿದ ಪಂಚಿನಿಂದ ನಮ್ಮ ಚೀಟಿಯಲ್ಲಿ ಅದೇ ನಂಬರಿನ ಮನೆಯನ್ನು ಚುಚ್ಚಬೇಕು. ಒಂದೊಂದು ಪಂಚಿನ ತೂತೂ ಬೇರೆ. ಆರನೆಯದು ಕಂಡದ್ದೇ ತಡ, ನಂಬರು ನೋಡದೆ ಚುಚ್ಚಿದೆ. ಮೇ ತಿಂಗಳ ಮಟಮಟ ಮಧ್ಯಾಹ್ನ. ಆದರೂ ಬಾವುಟದ ಬಟ್ಟೆ ಒದ್ದೆಯಾಗಿತ್ತು, ಪಂಚು ಮಂಜುಗಡ್ಡೆಯಂತಿತ್ತು. ಹೆಬ್ಬೆರಳು ಮರಗಟ್ಟಿತು.

ಎಲ್ಲರಿಗಿಂತ ಮೊದಲು ಬಂದೆ. ಚೀಟಿ ನೋಡುವ ವಿಜಯಶ್ರೀ ಹುಬ್ಬು ಗಂಟಿಕ್ಕಿದಳು. "ಅಣ್ಣಾರ, ಈ ಐದು ತೂತಿನ ಪಂಚ್ ನಮ್ದಲ್ರಿ. ಎಲ್ಲಿ ಚುಚ್ಚಿಸ್ಕೊಂಡ್ ಬಂದ್ರಿ?"

ಇಬ್ಬರೂ ಹೋಗಿ ನೋಡಿದೆವು. ನಾನು ಚುಚ್ಚಿದ ಜಾಗದಲ್ಲಿ ಬಾವುಟವಿರಲಿಲ್ಲ, ಬರೀ ಬಂಡೆಯಿತ್ತು. ಪಂದ್ಯ ಹೋಯಿತು, ಮೀಸೆಯೂ ಹೋಯಿತು.

"ಈಗ ನಿಮ್ಮ ಮುಖ ಕಾಣಾಕತ್ತೈತಿ ನೋಡ್ರಿ," ಎಂದು ಉಮಾಬಾಯಿ ನಕ್ಕಳು.

ಈಗ ನಾನು ಪ್ರತಿ ನಂಬರನ್ನೂ ಎರಡೆರಡು ಸಲ ಓದುತ್ತೇನೆ. ಹೆಬ್ಬೆರಳಿಗೆ ಮಾತ್ರ ಇನ್ನೂ ಬಿಸಿ, ತಂಪು ತಿಳಿಯುವುದಿಲ್ಲ. ಹೋದ ಭಾನುವಾರ ಬೇರೊಂದು ಊರಿನ ಪಂದ್ಯಕ್ಕೆ ವಿಜಯಶ್ರೀ ಹೊಸ ಚೀಟಿ ಕೊಟ್ಟಳು. ಓಟ ಇನ್ನೂ ಶುರುವಾಗಿರಲಿಲ್ಲ. ಆರನೆಯ ಮನೆಯಲ್ಲಿ ಅದೇ ಐದು ತೂತುಗಳಿದ್ದವು.