ಬೆಳ್ಳಿಹಸಿರಿನ ಬಾನೆಟ್

ಸೋಮವಾರ ಬೆಳಿಗ್ಗೆ ಬಣ್ಣದ ಕೋಣೆಯ ಬೀಗ ತೆಗೆದ ಮೇಸ್ತ್ರಿ ಹೊಸ್ತಿಲಲ್ಲೇ ನಿಂತುಬಿಟ್ಟರು.

ಬಾನೆಟ್ ಇಲ್ಲ!

ಶನಿವಾರ ತಾವೇ ಕೈಯಾರೆ ಬೆಳ್ಳಿಹಸಿರು ಮೆಟಾಲಿಕ್ ಬಣ್ಣ ಹೊಡೆದು, ಸ್ಟ್ಯಾಂಡಿನ ಮೇಲೆ ಒಣಗಲು ಬಿಟ್ಟಿದ್ದ, ಹಳೆಯ ಕಾರೊಂದರ ಬಾನೆಟ್. ಈಗ ಅಲ್ಲಿ ಬರೀ ಸ್ಟ್ಯಾಂಡ್. ಅಂಗಡಿಗೆ ಹೋದರೆ ಸಿಗುವ ಸಾಮಾನೇ ಅದು? ಆ ಕಾರು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಬೀಗ ಮುರಿದಿಲ್ಲ, ಕಿಟಕಿಯ ಜಾಲರಿ ಅಲುಗಿಲ್ಲ. ಪಕ್ಕದಲ್ಲೇ ಇದ್ದ ಹೊಸ ಕಂಪ್ರೆಸರನ್ನು ಯಾರೂ ಮುಟ್ಟಿಲ್ಲ. ಹೊರಗೆ ಅಂಗಳದಲ್ಲಿ, ಉಜ್ಜಿ ಬೂದುಬಣ್ಣದ ಪ್ರೈಮರ್ ಬಳಿದ ಕಾರು ಹಲ್ಲು ಕಿತ್ತ ಬಾಯಿಯ ಹಾಗೆ ನಿಂತಿತ್ತು.

ಜೀವಮಾನವೆಲ್ಲ ಕಾರುಗಳಿಗೆ ಬಣ್ಣ ಹೊಡೆದ ಮನುಷ್ಯ. ಅವರ ಕೋಣೆಯಿಂದ ಒಂದು ತಿರುಪು ಕೂಡ ಕಳೆದದ್ದಿಲ್ಲ. ಆದರೂ ಮುಚ್ಚಿಡಲಿಲ್ಲ. ಕಾರಿನ ಒಡತಿಗೆ ತಾವೇ ಫೋನ್ ಮಾಡಿದರು.

ಆಕೆ ನಿವೃತ್ತ ಪೊಲೀಸ್ ಅಧಿಕಾರಿ. ಬೀದಿಗೆಲ್ಲ ಇನ್ಸ್‌ಪೆಕ್ಟರಮ್ಮ. ಕಾರು ಅವರ ತಂದೆಯದು, ಹುಟ್ಟಿನಿಂದ ಕಪ್ಪು. “ನಾನು ಯೂನಿಫಾರ್ಮ್ ಬಿಟ್ಟೆ, ಕಾರೂ ಕಪ್ಪು ಬಿಡಲಿ” ಎಂದು ಮೆಟಾಲಿಕ್ ಬಣ್ಣ ಆರಿಸಿದ್ದವರು ಅವರೇ.

ಬಂದವರು ಕೂಗಾಡಲಿಲ್ಲ. ಕೋಣೆಯನ್ನು ಒಂದು ಸುತ್ತು ಹಾಕಿದರು.

“ಬೀಗದ ಕೈ ಯಾರ್ಯಾರ ಹತ್ರ ಇದೆ ಮೇಸ್ತ್ರಿ?”

“ನನ್ನ ಹತ್ರ, ಮಗಳ ಹತ್ರ. ಇನ್ನೊಂದು ಹಿಂದಿನ ಶೆಡ್ಡಿನ ಟಿಂಕರ್ ಹತ್ರ. ಆದ್ರೆ ಅಮ್ಮಾ— ಹೇಳ್ಬಾರ್ದು, ಶನಿವಾರ ನಿಮ್ಮ ತಮ್ಮ ಬಂದಿದ್ರು.”

“ಏನಂದ?”

“‘ಅಪ್ಪನ ಕಾರಿಗೆ ಈ ಜರಿಸೀರೆ ಉಡಿಸಿದ್ರೆ ನಾನು ಸುಮ್ಮನಿರಲ್ಲ’ ಅಂದ್ರು.”

ತಮ್ಮನಿಗೆ ಫೋನ್ ಹೋಯಿತು. ಆತ ಕೆರಳಿದ. “ಅಕ್ಕಾ, ಬಾಯಿ ಮಾಡಿದ್ದು ನಿಜ. ಆದ್ರೆ ಅಪ್ಪನ ಕಾರಿನ ಬಾನೆಟ್ ಕದ್ದು ನಾನೇನು ಊಟದ ಮೇಜು ಮಾಡ್ಕೊಳ್ಲಾ?”

ಟಿಂಕರ್ ಬಂದ. ನೆಗ್ಗಿದ ತಗಡನ್ನು ಬಡಿದು ಸರಿ ಮಾಡುವ, ಮೇಸ್ತ್ರಿಯ ಹಳೆಯ ಜೊತೆಗಾರ.

“ನಿನ್ನೆ ಈ ಕಡೆ ಬಂದಿದ್ಯಾ?”

“ಭಾನುವಾರ ಯಾರಮ್ಮಾ ಕೆಲಸಕ್ಕೆ ಬರ್ತಾರೆ? ನಾನಂತೂ ಬಾನೆಟ್ ಹೊತ್ಕೊಂಡು ಹೋಗಿಲ್ಲ!”

“ಹೊತ್ಕೊಂಡು ಹೋದೆ ಅಂತ ಯಾರಂದ್ರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಟಿಂಕರ್ ನೆಲ ನೋಡತೊಡಗಿದ.

ಕೊನೆಗೆ ಮಗಳು. ಅಪ್ಪನ ಜೊತೆ ಹತ್ತು ವರ್ಷದಿಂದ ದುಡಿಯುತ್ತಿದ್ದವಳು. ಬಣ್ಣ ಬೆರೆಸುವುದು, ಬಾಗಿಲಿನ ಒಳಮೈ, ಡಿಕ್ಕಿಯ ಒಳಮೈ ಅವಳ ಪಾಲು. ಹೊರಮೈಗೆ ಮಾತ್ರ ಮೇಸ್ತ್ರಿ ಯಾರ ಕೈಗೂ ಸ್ಪ್ರೇ ಗನ್ ಕೊಟ್ಟವರಲ್ಲ.

“ನೀನೇನಮ್ಮಾ ಹೇಳ್ತೀಯ?”

“ನಾನು ಯಾರದ್ದೂ ಕದ್ದಿಲ್ಲ ಮೇಡಂ.”

ಇನ್ಸ್‌ಪೆಕ್ಟರಮ್ಮ ತಲೆಯಾಡಿಸಿ ಕಪಾಟಿನ ಬಳಿ ಹೋದರು. ಬೆಳ್ಳಿಹಸಿರು ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿ, ಉದ್ದನೆಯ ಕಡ್ಡಿಯನ್ನು ಮೆಲ್ಲಗೆ ತಳದವರೆಗೆ ಇಳಿಸಿ ಮೇಲೆತ್ತಿದರು. ಅವರ ಮುಖದಲ್ಲಿ ನಗು.

“ಮೇಸ್ತ್ರಿ, ಇದು ಕಳ್ಳತನವೇ ಅಲ್ಲ.”

“ಅಂದ್ರೆ?”

“ಬಣ್ಣ ಆರಿಸುವಾಗ ನೀವೇ ಹೇಳಿದ್ರಲ್ಲ— ಮೆಟಾಲಿಕ್‌ನಲ್ಲಿ ಹೊಳೆಯೋದು ಅಲ್ಯೂಮಿನಿಯಂ ಪುಡಿ, ಡಬ್ಬಿ ಸುಮ್ಮನಿಟ್ರೆ ತಳ ಸೇರುತ್ತೆ ಅಂತ. ಶನಿವಾರ ಮುಚ್ಚಿಟ್ಟ ಡಬ್ಬಿ ಇದು. ಮೇಲೆ ತಿಳಿ, ಕೆಳಗೆ ಗಸಿ ಇರ್ಬೇಕಿತ್ತು. ನೋಡಿ, ಕಡ್ಡಿ ತುದಿಯಿಂದ ಬುಡದ ತನಕ ಒಂದೇ ಹೊಳಪು! ಇವತ್ತು ಬೆಳಿಗ್ಗೆ ಯಾರೋ ಇದನ್ನ ಚೆನ್ನಾಗಿ ಕಲಕಿದ್ದಾರೆ. ನಾವೆಲ್ಲ ಹೋದ ವಸ್ತು ನೋಡಿದ್ವಿ, ಉಳಿದ ವಸ್ತು ನೋಡ್ಲಿಲ್ಲ. ಕದ್ದ ಬಾನೆಟ್‌ಗೆ ಮತ್ತೆ ಅದೇ ಬಣ್ಣ ಹೊಡೆಯೋ ಕಳ್ಳ ಎಲ್ಲಾದ್ರೂ ಉಂಟಾ? ನನ್ನ ತಮ್ಮನಿಗೆ ಈ ಬಣ್ಣ ಕಂಡ್ರಾಗಲ್ಲ. ಟಿಂಕರ್‌ಗೆ ಬಣ್ಣ ಹೊಡೆಯೋಕೆ ಬರಲ್ಲ. ಆದ್ರೆ ಬಾನೆಟ್ ಎತ್ತೋಕೆ ಇಬ್ರು ಬೇಕು. ಬಣ್ಣ ಬಲ್ಲ ಕೈ, ನಿಮ್ಮದು ಬಿಟ್ರೆ, ಈ ಅಂಗಳದಲ್ಲಿ ಒಂದೇ.”

ಎಲ್ಲರ ಕಣ್ಣೂ ಮಗಳ ಮೇಲೆ.

“ಹೌದಪ್ಪಾ. ನಾನೇ.”

“ಯಾಕೆ?” ಮೇಸ್ತ್ರಿ ಮಗಳತ್ತ ತಿರುಗಿದರು. “ನನ್ನ ಕೆಲಸದಲ್ಲಿ ಏನು ಕೊರತೆ ಇತ್ತು?”

ಟಿಂಕರ್ ಬಾಯಿಬಿಟ್ಟ. “ಮೋಡ ಕವಿದ ಹಾಗೆ ಮಚ್ಚೆ ಮಚ್ಚೆ ಬಿದ್ದಿತ್ತು ಮೇಸ್ತ್ರಿ. ನಿಮಗೆ ಕಾಣ್ಲಿಲ್ಲ.”

ಮೇಸ್ತ್ರಿ ಸ್ಟ್ಯಾಂಡ್ ಹಿಡಿದುಕೊಂಡರು. ಕೆಲವು ತಿಂಗಳಿಂದ ಟ್ಯೂಬ್‌ಲೈಟಿನ ಸುತ್ತ ಮಂಜು ಕಾಣುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ.

“ಹೇಳಿದ್ರೆ ನೀನು ಗನ್ ಕೆಳಗಿಡ್ತಿದ್ದೆ ಅಪ್ಪ. ನಿನ್ನೆ ಉಜ್ಜಿ, ಇವತ್ತು ನಸುಕಲ್ಲೇ ಬಣ್ಣ ಹೊಡೆದೆ. ನೀನು ನೋಡೋದ್ರೊಳಗೆ ಇಲ್ಲೇ ತಂದಿಡೋಣ ಅಂದ್ಕೊಂಡಿದ್ದೆ. ನೀನು ಇವತ್ತು ಬೇಗ ಬಂದುಬಿಟ್ಟೆ.”

“ಎಲ್ಲಿದೆ?”

“ಟಿಂಕರ್ ಮಾಮನ ಶೆಡ್ಡಲ್ಲಿ. ಇನ್ನೂ ಹಸಿ.”

ಮಗಳೂ ಟಿಂಕರೂ ಅಂಚಿನಲ್ಲಿ ಹಿಡಿದು ಬಾನೆಟ್ಟನ್ನು ಬಿಸಿಲಿಗೆ ತಂದರು. ಮೇಸ್ತ್ರಿ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಇಂಚಿಂಚಾಗಿ ನೋಡಿದರು. ಎಡದಿಂದ ನೋಡಿದರು, ಬಲದಿಂದ ನೋಡಿದರು. ಒಂದು ಮೋಡವಿಲ್ಲ, ಒಂದು ಗೆರೆಯಿಲ್ಲ. ಬಾನೆಟ್ಟಿನ ಉಬ್ಬು ತಗ್ಗುಗಳ ಮೇಲೆಲ್ಲ ಬಿಸಿಲು, ತುಂಬಿದ ಕೆರೆಯ ನೀರಿನಂತೆ, ಜಾರುತ್ತಿತ್ತು. ತಮ್ಮ ಗಟ್ಟಿ ವಯಸ್ಸಿನಲ್ಲೂ ಇಂಥದ್ದು ಬಂದದ್ದು ಅಪರೂಪ ಎಂದು ಅವರಿಗೆ ಗೊತ್ತಿತ್ತು.

ಅವರು ಸೀದಾ ಒಳಗೆ ಹೋಗಿ ಮೊಳೆಗೆ ತೂಗುಹಾಕಿದ್ದ ತಮ್ಮ ಸ್ಪ್ರೇ ಗನ್ ತಂದು ಮಗಳ ಕೈಗಿಟ್ಟರು.

“ಅಪ್ಪಾ, ಇನ್ನುಳಿದ ಮೈ ನೀನೇ—”

“ಮೆಟಾಲಿಕ್ ಕಣೇ! ಒಂದು ಕಾರಿಗೆ ಒಂದೇ ಕೈ. ಬಾನೆಟ್ ನಿನ್ನ ಕೈ, ಬಾಗಿಲು ನನ್ನ ಕೈ ಆದ್ರೆ ಎರಡು ಬಣ್ಣ ಕಾಣುತ್ತೆ. ಶುರು ಮಾಡಿದವಳು ಮುಗಿಸು. ನನಗೆ ಕಣ್ಣಿನ ಡಾಕ್ಟರ ಹತ್ರ ಕೆಲಸ ಇದೆ.”

ಇನ್ಸ್‌ಪೆಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಧೂಳು ಬಿತ್ತು ಎಂದರು.

ಕಾರು ಒಪ್ಪಿಸುವ ದಿನ ಅವರ ತಮ್ಮನೂ ಬಂದ. ಬೈಯಲು ಬಂದವನು ಕಾರಿನ ಸುತ್ತ ಒಂದು ಸಲ ಬಂದ, ಎರಡು ಸಲ ಬಂದ. ಆಮೇಲೆ ಮೆಲ್ಲಗೆ, “ಮೇಸ್ತ್ರಿ ಕೈ ಅಂದ್ರೆ ಕೈ! ಒಪ್ಪಿದೆ” ಎಂದ.

“ನನ್ನ ಕೈಯಲ್ಲ ಸ್ವಾಮಿ,” ಮೇಸ್ತ್ರಿ ಬೀದಿಯ ಆ ತುದಿಗೂ ಕೇಳುವಂತೆ ಹೇಳಿದರು. “ನನ್ನ ಮಗಳ ಕೈ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಹೇಳ್ತಿಲ್ಲ. ಯಾವ ಮೂಲೆಯಿಂದ ಬೇಕಾದ್ರೂ ನೋಡಿ.”

“ಹಾಗಾದ್ರೆ ನನ್ನ ಕಾರಿಗೂ ಒಂದು...”

“ನನ್ನನ್ನೇನು ಕೇಳ್ತೀರಿ? ಅಗೋ, ಅಲ್ಲಿದ್ದಾಳೆ. ಪುರುಸೊತ್ತಿದ್ರೆ ಒಪ್ಕೋತಾಳೆ!”